ಜ್ಯೂರಿ ಕೋಣೆಯ ಚೀಟಿ

ಚೀಟಿ ಸಿಕ್ಕಿದ್ದು ಸಕ್ಕರೆ ಡಬ್ಬಿಯ ಅಡಿಯಲ್ಲಿ.

ಬುಧವಾರ ಬೆಳಿಗ್ಗೆ ಹತ್ತೂ ಮುಕ್ಕಾಲು. ಬಿಡುವು ಮುಗಿದು ಜ್ಯೂರಿಯ ಹದಿಮೂರು ಜನ ಸಾಲಾಗಿ ಕೋರ್ಟಿಗೆ ಹೋಗಿ ಕೂತಿದ್ದರು. ಕಾಫಿ ಕಾಯಿಸುವ ಯಂತ್ರವನ್ನು ಆರಿಸಿ ಬರೋಣವೆಂದು ದಫೇದಾರ ಆರ್ವಿಲ್ ಟ್ವೆಟ್ ಜ್ಯೂರಿ ಕೋಣೆಗೆ ವಾಪಸು ಬಂದ. ಮೇಜಿನ ಮೇಲೆ ಚೆಲ್ಲಿದ ಸಕ್ಕರೆ ಒರೆಸಲು ಡಬ್ಬಿ ಎತ್ತಿದ. ಅಡಿಯಲ್ಲಿ ಕೈ ಒರೆಸುವ ಕಾಗದ, ನಾಲ್ಕು ಮಡಿಕೆ. ಬಿಡಿಸಿದ. ಪೆನ್ಸಿಲಿನಲ್ಲಿ, ಬಿಡಿಬಿಡಿಯಾದ ದಪ್ಪಕ್ಷರ —

‘ಜಡ್ಜ್ ಸಾಹೇಬರಿಗೆ. ಈ ಹುಡುಗ ಹದಿನೈದನೇ ವಯಸ್ಸಿನಲ್ಲಿ ಶಾಲೆಯ ಶೆಡ್ಡಿಗೆ ಬೆಂಕಿ ಇಟ್ಟಿದ್ದನಂತೆ. ನಮಗೇಕೆ ಹೇಳಲಿಲ್ಲ?’

ಕೆಳಗೆ ಹೆಸರಿಲ್ಲ. ಆರ್ವಿಲ್ ಎರಡು ಸಲ ಓದಿದ. ಬಾಗಿಲು ಮುಚ್ಚಿ ಇನ್ನೊಮ್ಮೆ ಓದಿದ.

ಯಾಕೆಂದರೆ ಆ ಮಾತು ಕೋರ್ಟಿನಲ್ಲಿ ಬಂದೇ ಇರಲಿಲ್ಲ. ಸೋಮವಾರ ಜಡ್ಜ್ ಕೆಸೆನಿಕ್ ಅವರ ಖಾಸಗಿ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಸರಕಾರಿ ವಕೀಲರು ಅದನ್ನು ಎತ್ತಿದ್ದರು. ಹುಡುಗ ಚಿಕ್ಕವನಿದ್ದಾಗ ಮಾಡಿದ ತಪ್ಪು, ಈ ಕೇಸಿಗೆ ಸಂಬಂಧವಿಲ್ಲ, ಜ್ಯೂರಿಯ ಕಿವಿಗೆ ಬೀಳಕೂಡದು ಎಂದು ಜಡ್ಜ್ ಅಲ್ಲೇ ತಳ್ಳಿಹಾಕಿದ್ದರು. ಒಳಗಿದ್ದವರು ಜಡ್ಜ್, ಇಬ್ಬರು ವಕೀಲರು, ಶೀಘ್ರಲಿಪಿಯಾಕೆ. ಬಾಗಿಲ ಬಳಿ ನಿಂತಿದ್ದವನು ಆರ್ವಿಲ್. ಈಗ ಅದೇ ಮಾತು ಜ್ಯೂರಿ ಕೋಣೆಯಲ್ಲಿ!

ಆರ್ವಿಲ್‌ಗೆ ಅರವತ್ತೆಂಟು ವರ್ಷ. ಆಲ್ಡರ್ ಕೌಂಟಿಯ ಕೋರ್ಟಿನಲ್ಲಿ ಹದಿನಾಲ್ಕು ವರ್ಷದಿಂದ ಹಸಿರು ಕೋಟು ತೊಟ್ಟು ಜ್ಯೂರಿಯನ್ನು ಕಾಯುವವನು. ‘ನನ್ನ ಬಾಗಿಲು ದಾಟಿ ಒಂದು ಸೊಳ್ಳೆ ಕೂಡ ಒಳಗೆ ಹೋಗಿಲ್ಲ’ ಎಂದು ಊರಿನ ಕಾಫಿ ಅಂಗಡಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುವವನು. ಹೇಳಿಕೊಳ್ಳುವಾಗ ಎದೆ ಸ್ವಲ್ಪ ಮುಂದೆ ಬರುತ್ತಿತ್ತು. ಆ ಬೆಳಿಗ್ಗೆ ಮಾತ್ರ ಅವನು ಚೀಟಿ ಹಿಡಿದು ಜಡ್ಜ್ ಪೀಠದ ಹತ್ತಿರ ಹೋದಾಗ ಕಾಲು ಎಳೆಯುತ್ತಿತ್ತು.

ಜಡ್ಜ್ ಓದಿದರು. ಸಾಕ್ಷಿಯನ್ನು ತಡೆದರು. ಜ್ಯೂರಿಯ ಕಡೆ ತಿರುಗಿದರು.

“ನಿಮ್ಮಲ್ಲಿ ಯಾರೋ ನನಗೆ ಒಂದು ಕಾಗದ ಬರೆದಿದ್ದೀರಿ. ಬರೆದವರು ಕೈ ಎತ್ತಿ.”

ಹದಿಮೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕೈಯೂ ಮೇಲೇಳಲಿಲ್ಲ.

ಆರೋಪಿ ರೊಡನಿ ಶಿಮೆಕ್ ತಲೆ ಎತ್ತಿ ಒಮ್ಮೆ ಜಡ್ಜರನ್ನು, ಒಮ್ಮೆ ಹಿಂದಿನ ಬೆಂಚಿನ ತಾಯಿಯನ್ನು ನೋಡಿದ. ಇಪ್ಪತ್ತೆರಡರ ಹುಡುಗ. ಚೀಸ್ ಕಾರ್ಖಾನೆಯಿಂದ ಕೆಲಸ ಬಿಡಿಸಿದ ಸಿಟ್ಟಿಗೆ ಅದರ ಗೋದಾಮಿಗೆ ಬೆಂಕಿ ಹಚ್ಚಿದನೆಂದು ಆರೋಪ. ಜಾಮೀನು ಕಟ್ಟಲಾಗದೆ ಸೆಪ್ಟೆಂಬರಿನಿಂದ ಜೈಲಿನಲ್ಲಿದ್ದ. ಈಗ ಏಪ್ರಿಲ್.

ಜ್ಯೂರಿಯನ್ನು ಅವರ ಕೋಣೆಗೆ ಕಳಿಸಿ, ಖಾಸಗಿ ಕೋಣೆಯಲ್ಲಿ ಜಡ್ಜ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆರ್ವಿಲ್, ಸೋಮವಾರ ಈ ಬಾಗಿಲಲ್ಲಿ ಯಾರಿದ್ರು?”

“ನಾನೇ, ಸ್ವಾಮಿ.”

“ಹೂಂ.”

ಆರ್ವಿಲ್ ಆ ‘ಹೂಂ’ ಅನ್ನು ತೂಗಿ ನೋಡಿದ. ನನ್ನನ್ನೇ ಅನುಮಾನಿಸುತ್ತಿದ್ದಾರೆಯೇ? ಹದಿನಾಲ್ಕು ವರ್ಷದ ಮೇಲೆ?

“ಬರೆದೋರು ಯಾರು, ವಿಷಯ ಎಲ್ಲಿಂದ ಬಂತು, ಎಷ್ಟು ಜನಕ್ಕೆ ಹರಡಿದೆ — ಇಷ್ಟು ನನಗೆ ಗೊತ್ತಾಗ್ಬೇಕು,” ಎಂದರು ಜಡ್ಜ್. “ಒಬ್ಬರಿಗೆ ಮಾತ್ರ ಗೊತ್ತು ಅಂತಾದ್ರೆ ಅವರನ್ನ ಮನೆಗೆ ಕಳಿಸಿ, ಹೆಚ್ಚಿಗೆ ಕೂರಿಸಿರೋ ಹದಿಮೂರನೆಯವರನ್ನ ಸೇರಿಸ್ಕೊಂಡು ಮುಂದುವರಿಸ್ತೀನಿ. ಗೊತ್ತಾಗದೇ ಹೋದ್ರೆ ಎಲ್ಲರನ್ನೂ ಬಿಡಬೇಕು. ಮೊದಲಿಂದ ವಿಚಾರಣೆ. ಮುಂದಿನ ಜ್ಯೂರಿ ಕೂರೋದು ಅಕ್ಟೋಬರ್‌ಗೆ.”

“ಆ ಹುಡುಗ, ಸ್ವಾಮಿ?”

“ಅಲ್ಲೀವರೆಗೂ ಒಳಗೇ. ಮಧ್ಯಾಹ್ನ ಒಂದು ಗಂಟೆಗೆ ಒಬ್ಬೊಬ್ಬರನ್ನೇ ಕರೆದು ನಾನೇ ಕೇಳ್ತೀನಿ. ಅಷ್ಟರಲ್ಲಿ — ಡಲೋರಿಸ್, ನೀನು ಸ್ವಲ್ಪ ನೋಡು. ಆರ್ವಿಲ್, ನೀನು ಬಾಗಿಲು ಕಾಯ್ತಿರು. ಅಷ್ಟೇ.”

ಡಲೋರಿಸ್ ವೋಯ್ಟ್ ಜ್ಯೂರಿ ಶಾಖೆಯ ಗುಮಾಸ್ತೆ. ಕೌಂಟಿಯ ಜನರಿಗೆ ‘ನಿಮ್ಮನ್ನು ಜ್ಯೂರಿಗೆ ಕರೆಯಲಾಗಿದೆ’ ಎಂಬ ಓಲೆ ಕಳಿಸುವುದು ಅವಳ ಕೆಲಸ, ಇಪ್ಪತ್ತಮೂರು ವರ್ಷದಿಂದ. ಓಲೆ ಹೋದ ಮೂರನೇ ದಿನಕ್ಕೆ ನೆಪಗಳು ಬರತೊಡಗುತ್ತವೆ. ನನ್ನ ಹಸು ಬೇರೆಯವರ ಕೈಗೆ ಹಾಲು ಕೊಡುವುದಿಲ್ಲ ಎಂದು ಬರೆದವನುಂಟು. ತಾನು ಸತ್ತುಹೋಗಿರುವುದಾಗಿ ಸ್ವಂತ ಕೈಬರಹದಲ್ಲಿ ತಿಳಿಸಿ ಸಹಿ ಹಾಕಿದವನೂ ಉಂಟು. ಇವನ್ನೆಲ್ಲ ಓದಿ ಓದಿ ಅವಳಿಗೆ ಸುಳ್ಳಿನ ವಾಸನೆ ದೂರದಿಂದಲೇ ಹತ್ತುತ್ತಿತ್ತು.

ಬಂದವರಿಗೆ ಮೊದಲ ದಿನ ನಾಲ್ಕು ಮಾತು ಹೇಳುವವಳೂ ಅವಳೇ. “ಪುಸ್ತಕ ತನ್ನಿ, ಹೆಣಿಗೆ ತನ್ನಿ. ಇಲ್ಲಿ ಮುಕ್ಕಾಲು ಪಾಲು ಕೆಲಸ ಅಂದ್ರೆ ಕಾಯೋದು. ಕೇಸಿನ ವಿಷಯ ಗಂಡನ ಹತ್ರ ಬೇಡ, ಹೆಂಡತಿ ಹತ್ರ ಬೇಡ, ನಾಯಿ ಹತ್ರಾನೂ ಬೇಡ. ಬೆಂಕಿ ಬಿದ್ದ ಜಾಗ ನೋಡ್ಕೊಂಡು ಬರೋಣ ಅಂತ ಆ ಕಡೆ ಕಾರ್ ತಿರುಗಿಸ್ಬೇಡಿ. ಕೋರ್ಟಲ್ಲಿ ಕಂಡಿದ್ದು, ಕೇಳಿದ್ದು — ಅಷ್ಟೇ ನಿಮ್ಮದು.” ಸೋಮವಾರವೂ ಹೀಗೇ ಹೇಳಿದ್ದಳು. ಎಲ್ಲರೂ ತಲೆ ಆಡಿಸಿದ್ದರು.

ಆರ್ವಿಲ್ ಬಾಗಿಲು ಕಾಯಲು ಹೋದ. ಬಾಗಿಲು ಕಾಯುವುದಷ್ಟೇ ಅವನಿಂದ ಆಗಲಿಲ್ಲ.

ಜಿನೀವಾ ಪೋಲ್‌ಮನ್! ಬಿಡುವಿನಲ್ಲಿ ಜ್ಯೂರಿಯವರ ಪೈಕಿ ಅವಳೊಬ್ಬಳೇ ಕೇಳಿಕೊಂಡು ಹೊರಗೆ ಹೋಗಿದ್ದಳು. ಮೊಗಸಾಲೆಯ ಫೋನಿನಲ್ಲಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಪಿಸುಗುಟ್ಟಿದ್ದಳು. ನಿನ್ನೆಯೂ ಅಷ್ಟೇ. ಹೆಂಗಸರ ತಲೆಗೂದಲು ಕತ್ತರಿಸುವ ಅಂಗಡಿಯವಳು. ಊರಿನ ಸುದ್ದಿಯೆಲ್ಲ ಬಂದು ಬೀಳುವುದು ಅವಳ ಕುರ್ಚಿಯ ಸುತ್ತಲೇ ಅಲ್ಲವೇ? ಆರ್ವಿಲ್‌ಗೆ ಎದೆ ಹಗುರವಾಯಿತು. ಯಾರೋ ಒಬ್ಬರು ಬೇಕಿತ್ತು ಅವನಿಗೆ, ಬೇಗ ಬೇಕಿತ್ತು. ತಾನಲ್ಲದ ಒಬ್ಬರು.

ಒಳಗೆ ಹೋಗಿ ಅವಳೆದುರು ನಿಂತ. ಉಳಿದ ಹನ್ನೆರಡು ಜನ ಸುತ್ತ ಕೂತಿದ್ದರು.

“ಜಿನೀವಮ್ಮ, ಫೋನಲ್ಲಿ ಯಾರ ಹತ್ರ ಮಾತಾಡಿದ್ರಿ?”

ಅವಳ ಹೆಣಿಗೆ ಕಡ್ಡಿ ನಿಂತಿತು. “ಮನೆಗೆ ಮಾಡಿದ್ದೆ.”

“ಮನೇಲಿ ಎತ್ತಿದ್ದು ಯಾರು?”

“ಪಕ್ಕದ ಮನೆ ಐರಿನ್.”

“ನಿಮ್ಮನೆ ಫೋನ್ ಪಕ್ಕದ ಮನೆಯವರು ಯಾಕೆ ಎತ್ತಾರೆ?”

“ಅದು ನಿಮಗೆ ಬೇಕಾಗಿಲ್ಲ, ಆರ್ವಿಲ್ ಅವ್ರೆ.”

“ಮತ್ತೆ ಪಿಸುಪಿಸು ಯಾಕೆ? ಬಾಯಿಗೆ ಕೈ ಯಾಕೆ?”

ಅವಳು ಹೆಣಿಗೆಯನ್ನು ಮಡಿಸಿ ಮೇಜಿನ ಮೇಲಿಟ್ಟಳು.

“ಕೈಚೀಲ ಸುರೀರಿ.”

“ಏ ಆರ್ವಿಲ್, ಅತಿಯಾಯ್ತು ನಿಂದು,” ಎಂದಿತು ಮೇಜಿನ ಆ ಕಡೆಯಿಂದ ಒಂದು ದನಿ. ಉಳಿದವರು ಬೂಟು ನೋಡಿಕೊಂಡರು. ನಿವೃತ್ತ ಅಂಚೆಯವ ಹಾರ್ಲನ್ ಎಕರ್ಟ್ ಕಿಟಕಿಯ ಆಚೆ ನೋಡುತ್ತಿದ್ದ.

ಜಿನೀವಾ ಎದ್ದಳು. ಕೈಚೀಲವನ್ನು ತಲೆಕೆಳಗು ಮಾಡಿ ಮೇಜಿನ ಮೇಲೆ ಸುರಿದಳು. ಬಾಚಣಿಗೆ, ಮಾತ್ರೆ ಡಬ್ಬಿಗಳು, ಮಕ್ಕಳಿಗೆ ಉಣ್ಣಿಸುವಾಗ ಕಟ್ಟುವಂಥ ಎದೆಬಟ್ಟೆ — ಆದರೆ ದೊಡ್ಡ ಗಂಡಸಿನ ಅಳತೆಯದು. ಔಷಧಿ ಅಂಗಡಿಯ ಪೊಟ್ಟಣ ಬಿಚ್ಚಿಕೊಂಡು ರಬ್ಬರ್ ಅಂಚಿನ ಒಳಚಡ್ಡಿಗಳು ಹೊರಬಿದ್ದವು. ಮತ್ತೆ ಒಂದು ಮೋಟು ಪೆನ್ಸಿಲ್.

“ನನ್ನ ಗಂಡಂಗೆ ನವೆಂಬರಲ್ಲಿ ಪಾರ್ಶ್ವವಾಯು ಹೊಡೀತು,” ಎಂದಳು ಅವಳು. ಮುಖ ಕೆಂಪಾಗಿತ್ತು, ದನಿ ಮಾತ್ರ ಏರಲಿಲ್ಲ. “ಬೆನ್ನು ನೋವು ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ, ಅವರಿಗೆ ಅವಮಾನ ಆಗ್ಬಾರ್ದು ಅಂತ. ಐರಿನ್ ಬಂದು ಊಟ ಮಾಡಿಸ್ತಾಳೆ. ತಿಂದ್ರಾ, ಬಟ್ಟೆ ಒದ್ದೆ ಆಯ್ತಾ ಅಂತ ಕೇಳ್ದೆ. ಮೊಗಸಾಲೆಗೆಲ್ಲ ಕೇಳೋ ಹಾಗೆ ಕೂಗ್ಬೇಕಿತ್ತಾ?”

ಆರ್ವಿಲ್‌ಗೆ ಕಿವಿ ಬಿಸಿಯಾಯಿತು. ಅಲ್ಲೇ ತಪ್ಪಾಯ್ತು ಎಂದುಬಿಡಬಹುದಿತ್ತು. ಅನ್ನಲಿಲ್ಲ. ಪೆನ್ಸಿಲ್ ಎತ್ತಿಕೊಂಡ.

“ಇದು ನನ್ನ ಹತ್ರ ಇರ್ಲಿ,” ಎಂದು ಹೊರಬಂದ.

ಡಲೋರಿಸ್ ತನ್ನ ಕೋಣೆಯಲ್ಲಿ ಚೀಟಿಯನ್ನೇ ನೋಡುತ್ತಾ ಕೂತಿದ್ದಳು. ಆರ್ವಿಲ್ ಪೆನ್ಸಿಲನ್ನು ಗೆದ್ದವನಂತೆ ಮೇಜಿನ ಮೇಲಿಟ್ಟ. ನಡೆದದ್ದು ಹೇಳಿದ. ಅವಳು ಪೆನ್ಸಿಲ್ ತಿರುಗಿಸಿ ನೋಡಿ, ಹಾಳೆಯ ಮೇಲೆ ಒಂದು ಗೀಟು ಎಳೆದಳು. ಕಂದು ಬಣ್ಣದ, ಎಣ್ಣೆ ಎಣ್ಣೆಯಾದ ಗೀಟು.

“ಮಾರಾಯ, ಇದು ಹುಬ್ಬು ತೀಡೋ ಪೆನ್ಸಿಲ್ ಕಣೋ. ನಲವತ್ತು ವರ್ಷ ಸಂಸಾರ ಮಾಡಿದೀಯ, ಇಷ್ಟೂ ಗೊತ್ತಿಲ್ವಾ?”

ಆರ್ವಿಲ್ ಆ ಗೀಟನ್ನು ಬೆರಳಿನಿಂದ ಒರೆಸಿ ನೋಡಿದ.

“ಜ್ಯೂರಿಗೆ ಬರಕ್ಕಾಗಲ್ಲ ಅಂತ ನನಗೆ ನೂರು ಜನ ಸುಳ್ಳು ಬರೀತಾರೆ,” ಎಂದಳು ಡಲೋರಿಸ್. “ಗಂಡ ಹಾಸಿಗೆ ಹಿಡಿದಿದಾರೆ ಅಂತ ಜಿನೀವಾ ಒಂದು ಸಾಲು ಬರೆದಿದ್ರೆ ಅವತ್ತೇ ಬಿಡ್ತಿದ್ದೆ. ಬರೀಲಿಲ್ಲ. ನಿಜವಾದ ಕಾರಣ ಇದ್ದೂ ಬಂದು ಕೂತ ಹೆಂಗಸು ಅವಳು. ನೀನು ಹೋಗಿ ಅವಳ ಚೀಲಾನೇ ಸುರಿಸ್ದೆ. ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳ್ಲಿಲ್ಲ.”

“ಕೂತ್ಕೋ. ಕೇಳಿದ್ದಕ್ಕೆ ಮಾತ್ರ ಹೇಳು. ಸೋಮವಾರ ಜಡ್ಜ್ ಕೋಣೇಲಿ ಸರಕಾರಿ ವಕೀಲರು ಏನಂದ್ರು?”

“ಹುಡುಗ ಹಿಂದೆ ಬೆಂಕಿ ಇಟ್ಟಿದ್ದ ಅಂತ.”

“ಎಲ್ಲಿಗೆ?”

“ಕೆರೆ ದಂಡೆ ಮೇಲಿನ ದೋಣಿ ಶೆಡ್ಡಿಗೆ.”

“ಆಗ ಅವನ ವಯಸ್ಸು?”

“ಹದಿಮೂರು.”

“ಈಗ ಚೀಟಿ ಓದು.”

ಆರ್ವಿಲ್ ಓದಿದ. ನಡುವೆ ನಿಂತ. “ಹದಿನೈದು... ಶಾಲೆಯ ಶೆಡ್ಡು...”

“ಜಡ್ಜ್ ಆದೇಶ ಬೆರಳಚ್ಚು ಮಾಡಿದ್ದು ನಾನೇ. ಅದರಲ್ಲೂ ದೋಣಿ ಶೆಡ್ಡು, ಹದಿಮೂರು ವರ್ಷ ಅಂತಾನೇ ಇದೆ. ಸೋಮವಾರ ಒಳಗಿದ್ದೋರಲ್ಲಿ ಯಾರಾದ್ರೂ ಬಾಯಿ ಬಿಟ್ಟಿದ್ರೆ ಶಾಲೆ ಎಲ್ಲಿಂದ ಬರ್ತಿತ್ತು? ಇದು ಆ ಕೋಣೆಯಿಂದ ಸೋರಿದ್ದಲ್ಲ. ಹೊರಗಿನಿಂದ ಬಂದಿದ್ದು. ಅರ್ಧಂಬರ್ಧ ಕೇಳ್ಕೊಂಡು ಆತುರವಾಗಿ ಹೇಳೋ ಯಾರಿಂದಲೋ.”

ಆರ್ವಿಲ್‌ಗೆ ಹೋದ ಜೀವ ಬಂದಂತಾಯಿತು. “ನೋಡ್ದ್ಯಾ! ಅಂದ್ರೆ ನನ್ನ ಬಾಗಿಲಿಂದ ಅಲ್ಲ!”

“ಸಂತೋಷ ಆಮೇಲೆ ಪಡು. ಬೆಳಿಗ್ಗೆಯಿಂದ ಜ್ಯೂರಿ ಕೋಣೆಗೆ ಏನೇನು ಹೋಯ್ತು?”

“ಕಾಫಿ. ಸಕ್ಕರೆ. ಒಂದು ಡಜನ್ ಡೋನಟ್. ಪತ್ರಿಕೆ.”

“ಪತ್ರಿಕೆ?” ಅವಳು ತಲೆ ಎತ್ತಿದಳು.

“ಅಯ್ಯೋ, ಕತ್ತರಿಸಿ ಕೊಟ್ಟಿದ್ದು ಕಣಮ್ಮ! ಕೇಸಿನ ವರದಿ ಇದ್ದ ಭಾಗ ಪೂರ್ತಿ ಕತ್ತರಿಸಿ ತೆಗೆದೇ ಒಳಗೆ ಕೊಡೋದು ನಾನು. ಹದಿನಾಲ್ಕು ವರ್ಷದಿಂದ ಹಾಗೇ. ಕಿಟಕಿ ಇಟ್ಟ ಹಾಗೆ ತೂತು ಇರುತ್ತೆ, ಜ್ಯೂರಿಯವರು ನೋಡಿ ನಗ್ತಾರೆ.”

“ಯಾವ ಪತ್ರಿಕೆ? ನಮ್ಮ ಊರಿನ ವಾರಪತ್ರಿಕೆ ಬರೋದು ಗುರುವಾರ. ಇವತ್ತು ಬುಧವಾರ.”

“ಜನ ಬೇಜಾರು ಬೇಜಾರು ಅಂತಿದ್ರು. ಅದಕ್ಕೆ ನಿನ್ನೆಯಿಂದ ನಗರದ ದಿನಪತ್ರಿಕೆ ತರ್ತಿದೀನಿ. ಎಂಟು ಗಂಟೆ ಬಸ್ಸಿಗೆ ನಾಲ್ಕೇ ಪ್ರತಿ ಬರೋದು. ನನ್ನ ದುಡ್ಡಲ್ಲೇ ತಂದಿದ್ದು.”

“ಹಾಗಾದ್ರೆ ವಕೀಲರು ಇವತ್ತಿಂದು ನೋಡಿಲ್ಲ. ಏಳು ಗಂಟೆಯಿಂದ ಇಬ್ಬರೂ ಇಲ್ಲೇ ಇದಾರೆ. ಜಡ್ಜ್ ಅಂತೂ ವಿಚಾರಣೆ ಮುಗಿಯೋವರೆಗೆ ಪತ್ರಿಕೆ ಮುಟ್ಟಲ್ಲ. ಕತ್ತರಿಸಿದ ತುಂಡು ಎಲ್ಲಿ?”

ಆರ್ವಿಲ್ ತನ್ನ ಮೇಜಿನಿಂದ ಲಕೋಟೆ ತಂದ. ಮೇಲೆ ತಾರೀಖು ಬರೆದಿತ್ತು. ಒಳಗಿನ ತುಂಡನ್ನು ಅಡ್ಡಪಟ್ಟಿ ಇಟ್ಟು ಕತ್ತರಿಸಿದ್ದ, ಒಂದು ಅಂಚೂ ಸೊಟ್ಟಗಿರಲಿಲ್ಲ. ಇಂಥ ಕತ್ತರಿ ಕೆಲಸ ಬೇರೆ ಯಾವ ಕೌಂಟಿಯಲ್ಲಿದೆ ಎಂದು ಅವನು ಬಹಳ ಸಲ ಅಂದುಕೊಂಡದ್ದುಂಟು.

“ಓದಿದ್ಯಾ ಇದನ್ನ?”

“ತಲೆಬರಹ ನೋಡ್ದೆ, ಕತ್ತರಿಸ್ದೆ. ಓದೋದು ನನ್ನ ಕೆಲಸ ಅಲ್ಲ.”

“ಈಗ ಓದು. ಕೊನೇ ಎರಡು ಸಾಲು. ಜೋರಾಗಿ.”

ಆರ್ವಿಲ್ ಕನ್ನಡಕ ಏರಿಸಿದ. “‘ಆರೋಪಿಯ ಬಾಲ್ಯದ ಬಗ್ಗೆ ಆತನ ಹಳೆಯ ನೆರೆಯವರೊಬ್ಬರು ಹೇಳುವಂತೆ’...” ಅವನ ದನಿ ಇಳಿಯಿತು. “‘ಮುಂದುವರಿದಿದೆ, ಪುಟ ಆರು’.”

ಡಲೋರಿಸ್ ತುಂಡನ್ನು ತನ್ನತ್ತ ಎಳೆದುಕೊಂಡಳು. ಊರಿನ ವಾರಪತ್ರಿಕೆ ಸಣ್ಣದು. ಒಂದು ಸುದ್ದಿ ಎಂದರೆ ಒಂದೇ ಕಡೆ, ಮೊದಲಿಂದ ಕೊನೆಯವರೆಗೆ. ಹದಿನಾಲ್ಕು ವರ್ಷ ಆರ್ವಿಲ್ ಕತ್ತರಿಸಿದ್ದು ಅಂಥವನ್ನು. ನಗರದ ಪತ್ರಿಕೆ ಮೊದಲ ಪುಟದಲ್ಲಿ ಶುರುಮಾಡಿ ಒಳಪುಟದಲ್ಲಿ ಮುಗಿಸುತ್ತದೆ. ಅದು ಅವನಿಗೆ ಹೊಳೆಯಲೇ ಇಲ್ಲ. ತಲೆಯನ್ನು ಕತ್ತರಿಸಿ ಲಕೋಟೆಯಲ್ಲಿಟ್ಟು ಮುಂಡವನ್ನು ಜ್ಯೂರಿಯ ಮೇಜಿನ ಮೇಲಿಟ್ಟು ಬಂದಿದ್ದ.

“ಆ ಪತ್ರಿಕೆ ತಗೊಂಡು ಬಾ,” ಎಂದಳು ಅವಳು.

ತಂದ. ಮೊದಲ ಪುಟದಲ್ಲಿ ಚೌಕಾಕಾರದ ತೂತು. ಡಲೋರಿಸ್ ಪುಟ ತಿರುವಿದಳು. ಮೂರು, ನಾಲ್ಕು — ಆಮೇಲೆ ಏಳು.

“ಐದು-ಆರರ ಹಾಳೆ ಹರಿದಿದಾರೆ. ಆರನೇ ಪುಟದಲ್ಲಿ ಇನ್ನೇನು ಬರುತ್ತೆ, ಆರ್ವಿಲ್? ನಿನ್ನೆಯ ಪತ್ರಿಕೆ ನೆನಪು ಮಾಡ್ಕೋ.”

ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ.

“ಪದಬಂಧ.”

“ಪದಬಂಧ ಬಿಡಿಸೋರು ಯಾರು?”

“ಹಾರ್ಲನ್ ಎಕರ್ಟ್. ನಿನ್ನೇನೂ ಅವನೇ. ಇವತ್ತು ಬೆಳಿಗ್ಗೆ ನನ್ನ ಎದುರಲ್ಲೇ ಹಾಳೆ ಹರ್ಕೊಂಡ. ಪೆನ್ಸಿಲ್ ತುದಿ ನಾಲಿಗೆಗೆ ಒತ್ಕೊಂಡು ಕೂತಿದ್ದ. ನಾನು... ಕೇಸಿನ ಗೊಡವೆಗೆ ಹೋಗದ ಒಳ್ಳೆ ಮನುಷ್ಯ ಅಂದ್ಕೊಂಡೆ.”

“ನೀನೇ ನೋಡಿದ್ದೆ, ಆದ್ರೂ ನಿನ್ನ ಕಣ್ಣು ಹೋಗಿದ್ದು ಫೋನ್ ಮಾಡೋ ಹೆಂಗಸಿನ ಮೇಲೆ,” ಎಂದಳು ಡಲೋರಿಸ್. “ಚೀಟಿ ಬರೆದವನು ಹಾರ್ಲನ್. ವಿಷಯಾನ ಒಳಗೆ ತಂದವನು ನೀನು, ಆರ್ವಿಲ್. ನಿನ್ನ ಕೈಯಾರೆ.”

ಗೋಡೆಯ ಗಡಿಯಾರ ಹನ್ನೆರಡೂ ಇಪ್ಪತ್ತು ತೋರಿಸುತ್ತಿತ್ತು. ಅವಳು ಎದ್ದು ಜಡ್ಜ್ ಕೋಣೆಯ ಕಡೆ ನಡೆದಳು. ಆರ್ವಿಲ್ ಹಿಂದೆ ಹೋದ. ಮೊಗಸಾಲೆ ಅಷ್ಟು ಉದ್ದವಿದೆಯೆಂದು ಅವನಿಗೆ ಅಂದೇ ಗೊತ್ತಾದದ್ದು.

ಜಡ್ಜ್ ಕರೆಸಿದ ಹಾರ್ಲನ್, ಅವರು ಕೇಳುವ ಮೊದಲೇ ಕೋಟಿನ ಒಳಜೇಬಿನಿಂದ ಮಡಿಸಿದ ಹಾಳೆ ತೆಗೆದು ಜಡ್ಜ್ ಮುಂದಿಟ್ಟ. ಪದಬಂಧ ಅರ್ಧ ತುಂಬಿತ್ತು. ಪಕ್ಕದ ಅಂಕಣದಲ್ಲಿ ವರದಿಯ ಉಳಿದರ್ಧ: ಹದಿನೈದನೇ ವಯಸ್ಸು, ಶಾಲೆಯ ಶೆಡ್ಡು. ವರದಿಗಾರ ಎರಡನ್ನೂ ತಪ್ಪಾಗಿ ಬರೆದಿದ್ದ.

“ಹುಡುಕ್ಕೊಂಡು ಹೋಗಿ ಓದಲಿಲ್ಲ, ಸ್ವಾಮಿ. ಪಕ್ಕದಲ್ಲೇ ಇತ್ತು. ಕಣ್ಣಿಗೆ ಬಿತ್ತು.”

“ಬೇರೆ ಯಾರಿಗಾದ್ರೂ ತೋರಿಸಿದ್ರಾ? ಹೇಳಿದ್ರಾ?”

“ಇಲ್ಲ. ನಿಮ್ಮನ್ನೇ ಕೇಳೋಣ ಅಂತ ಬರೆದೆ. ಹೆಸರು ಹಾಕೋಕೆ ಧೈರ್ಯ ಸಾಲಲಿಲ್ಲ. ಆರ್ವಿಲ್ ಕಣ್ಣಿಗೆ ಬೀಳ್ಲಿ ಅಂತ ಸಕ್ಕರೆ ಡಬ್ಬಿ ಅಡಿಗೆ ಇಟ್ಟೆ.”

“ನಾನು ಕೇಳಿದಾಗ ಕೈ ಯಾಕೆ ಎತ್ತಲಿಲ್ಲ?”

ಮುದುಕ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. “ಮೂವತ್ತೊಂಬತ್ತು ವರ್ಷ ಊರಿನವರ ಕಾಗದ ಹಂಚಿದೀನಿ, ಸ್ವಾಮಿ. ತೆರೆದ ಕಾರ್ಡನ್ನೂ ಓದಿದವನಲ್ಲ. ಓದಬಾರದ್ದು ಓದ್ದೆ ಅಂತ ಎಲ್ಲರೆದುರು ಒಪ್ಕೊಳ್ಳೋಕೆ ನಾಚಿಕೆ ಆಯ್ತು. ಜಿನೀವಾ ಚೀಲ ಸುರಿಸಿದಾಗಲಾದ್ರೂ ಬಾಯಿ ಬಿಡಬೇಕಿತ್ತು. ಆಗ್ಲೂ ಸುಮ್ನೆ ಕೂತೆ.”

“ಯಾವ ಚೀಲ?” ಎಂದರು ಜಡ್ಜ್.

ಡಲೋರಿಸ್ ಬೇಕೆಂದೇ ಕಿಟಕಿಯ ಕಡೆ ತಿರುಗಿದಳು. ಆರ್ವಿಲ್ ಹೇಳಲೇಬೇಕಾಯಿತು. ಎದೆಬಟ್ಟೆಯ ವಿಷಯ ಹೇಳಿದ, ಒಳಚಡ್ಡಿಯ ವಿಷಯ ಹೇಳಿದ, ಪೆನ್ಸಿಲಿನ ವಿಷಯವನ್ನೂ ಹೇಳಿದ. ಹೇಳುವಾಗ ಅವನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಜಡ್ಜ್ ಕನ್ನಡಕ ಒರೆಸಿ ಹಾಕಿಕೊಂಡು ಅವನನ್ನೇ ನೋಡಿದರು. ಬೈದಿದ್ದರೆ ವಾಸಿಯಿತ್ತು.

ಒಂದು ಗಂಟೆಗೆ ಅವರು ಉಳಿದ ಹನ್ನೆರಡು ಜನರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ಆಟದ ಪುಟ ಓದಿದವರಿದ್ದರು, ದನದ ಧಾರಣೆ ನೋಡಿದವರಿದ್ದರು. ಆರನೆಯ ಪುಟ ಕಂಡವರು ಯಾರೂ ಇರಲಿಲ್ಲ. ಹಾರ್ಲನ್‌ನನ್ನು ಮನೆಗೆ ಕಳಿಸಿ, ಹದಿಮೂರನೆಯವಳನ್ನು ಅವನ ಜಾಗದಲ್ಲಿ ಕೂರಿಸಿ, ವಿಚಾರಣೆ ಮುಂದುವರಿಯುತ್ತದೆ ಎಂದರು. ಎರಡನೇ ಬೆಂಚಿನಲ್ಲಿ ರೊಡನಿಯ ತಾಯಿ ಮುಖ ಮುಚ್ಚಿಕೊಂಡಳು.

ಅದಕ್ಕೂ ಮೊದಲು ಆರ್ವಿಲ್ ಸಾಕ್ಷಿಕಟ್ಟೆ ಹತ್ತಿದ್ದ. ಜ್ಯೂರಿಯನ್ನು ಹೊರಗಿಟ್ಟು, ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿ, ಪತ್ರಿಕೆ ಒಳಗೆ ಹೋದ ಬಗೆಯನ್ನು ದಾಖಲೆಗೆ ಬರೆಸಿಕೊಂಡರು. ಎಷ್ಟು ಜನಕ್ಕೆ ಅವನೇ ಆ ಕಟ್ಟೆಗೆ ದಾರಿ ತೋರಿಸಿದ್ದನೋ! ಕೊನೆಯಲ್ಲಿ ಅವನು, “ಇನ್ನೊಂದು ಮಾತು ಸ್ವಾಮಿ, ಪೋಲ್‌ಮನ್ ಅವರಿಗೆ ನಾನು...” ಎಂದು ಶುರುಮಾಡಿದ.

“ಕೇಳಿದ್ದಕ್ಕೆ ಮಾತ್ರ ಉತ್ತರ,” ಎಂದರು ಜಡ್ಜ್. “ಇವತ್ತಿಂದ ಈ ಕೇಸಿಗೆ ನೀನು ದಫೇದಾರನಲ್ಲ. ಹೊರಗಿನವರು ಜ್ಯೂರಿ ಜೊತೆ ಒಂದು ಮಾತೂ ಆಡಕೂಡದು. ಗೊತ್ತಲ್ಲ ಆ ನಿಯಮ?”

ಗೊತ್ತಿತ್ತು. ಹದಿನಾಲ್ಕು ವರ್ಷ ಅದನ್ನು ಊರಿಗೆಲ್ಲ ಹೇಳಿದವನು ಅವನೇ. ಈಗ ಕ್ಷಮೆ ಕೇಳಲೂ ಅದು ಬಿಡಲಿಲ್ಲ. ಹಾರ್ಲನ್ ಯಾಕೆ ಹೋದ, ಜಿನೀವಾಳ ಚೀಲ ಯಾಕೆ ಸುರಿಸಿದರು ಎಂಬುದನ್ನು ಜ್ಯೂರಿಗೆ ಯಾರೂ ಹೇಳುವ ಹಾಗಿರಲಿಲ್ಲ. ಆ ಮಧ್ಯಾಹ್ನವೆಲ್ಲ, ಮರುದಿನವೆಲ್ಲ ಅವಳು ಅನುಮಾನ ಹೊತ್ತುಕೊಂಡೇ ಆ ಸಾಲಿನಲ್ಲಿ ಕೂತಿದ್ದಳು. ಪಕ್ಕದ ಹೆಂಗಸು ಕುರ್ಚಿಯನ್ನು ಒಂದಿಷ್ಟು ಆಚೆ ಎಳೆದುಕೊಂಡದ್ದನ್ನು ಆರ್ವಿಲ್ ಕೊನೆಯ ಬೆಂಚಿನಿಂದ ನೋಡಿದ. ಹಸಿರು ಕೋಟಿಲ್ಲದ ಮೈ ಅವನಿಗೆ ಬೇರೆಯವರದ್ದೆನಿಸುತ್ತಿತ್ತು.

ಗುರುವಾರ ಸಂಜೆ ನಾಲ್ಕಕ್ಕೆ ತೀರ್ಪು ಬಂತು. ಹುಡುಗ ನಿರ್ದೋಷಿ. ಅಲ್ಲಿಗೆ ಜ್ಯೂರಿಯ ಕೆಲಸ ಮುಗಿಯಿತು, ಬಾಯಿಗೆ ಹಾಕಿದ ಬೀಗವೂ ತೆರೆಯಿತು.

ಆರ್ವಿಲ್ ಕಾರು ನಿಲ್ಲಿಸುವ ಬಯಲಿನಲ್ಲಿ ಜಿನೀವಾಳ ಹಳೆಯ ಸ್ಟೇಷನ್ ವ್ಯಾಗನ್ ಹತ್ತಿರ ಟೋಪಿ ತೆಗೆದು ನಿಂತಿದ್ದ. ಅವಳು ಬಂದಳು. ಬೀಗದ ಕೈ ಹುಡುಕುತ್ತಾ ತಲೆ ಎತ್ತಲಿಲ್ಲ.

“ಜಿನೀವಮ್ಮ, ನಂದು ತಪ್ಪಾಯ್ತು. ದೊಡ್ಡ ತಪ್ಪು. ಹೇಗೆ ಕೇಳ್ಬೇಕೋ...”

“ನನ್ನ ಚೀಲ ಎಷ್ಟು ಜನದ ಎದುರು ಸುರಿಸಿದ್ರಿ, ಆರ್ವಿಲ್ ಅವ್ರೆ?”

“ಹನ್ನೆರಡು.”

“ಈಗ ಎಷ್ಟು ಜನದ ಎದುರು ಕೇಳ್ತಿದೀರಿ?”

ಆರ್ವಿಲ್ ಸುತ್ತ ನೋಡಿದ. ಅವರಿಬ್ಬರ ಹತ್ತಿರ ಯಾರೂ ಇರಲಿಲ್ಲ. ಬಯಲಿನ ಉದ್ದಕ್ಕೂ ಉಳಿದವರು ತಮ್ಮ ತಮ್ಮ ಕಾರು ಹತ್ತುತ್ತಿದ್ದರು.

ಅವನು ಗಂಟಲು ಸರಿಮಾಡಿಕೊಂಡ. ಆಮೇಲೆ ಕೂಗಿದ.

“ಒಂದು ನಿಮಿಷ! ಎಲ್ಲರೂ ನಿಂತ್ಕೊಳ್ಳಿ, ದಯವಿಟ್ಟು!”

ಕಾರಿನ ಬಾಗಿಲುಗಳು ಅರ್ಧಕ್ಕೆ ನಿಂತವು.

“ಪತ್ರಿಕೆ ಸರಿಯಾಗಿ ಕತ್ತರಿಸದೆ ಒಳಗೆ ಕೊಟ್ಟಿದ್ದು ನಾನು. ಅದರಿಂದಾನೇ ಎಲ್ಲಾ ಆಗಿದ್ದು. ಜಿನೀವಮ್ಮ ಏನೂ ಮಾಡಿಲ್ಲ. ನನ್ನ ತಪ್ಪು ಮುಚ್ಚೋಕೆ ಯಾರೋ ಒಬ್ಬರು ಬೇಕಿತ್ತು, ಅವರನ್ನ ಹಿಡ್ಕೊಂಡೆ. ಯಾರ ಅಪ್ಪಣೆಯೂ ಇಲ್ಲದೆ ಅವರ ಚೀಲ ಸುರಿಸ್ದೆ. ಅವರ ಮನೆ ವಿಷಯ ನಿಮ್ಮೆಲ್ಲರ ಎದುರು ಬಯಲಿಗೆ ಹಾಕಿಸ್ದೆ. ಎಲ್ಲರ ಎದುರೇ ಕ್ಷಮೆ ಕೇಳ್ತಿದೀನಿ.”

ಕುರ್ಚಿ ಎಳೆದುಕೊಂಡಿದ್ದ ಹೆಂಗಸು ತಲೆ ತಗ್ಗಿಸಿದಳು. ಆರ್ವಿಲ್‌ನ ಕಣ್ಣು ಮಂಜಾಗಿತ್ತು. ಅಷ್ಟು ನಾಚಿಕೆಯನ್ನು ಅವನು ಹುಟ್ಟಿದ ಮೇಲೆ ಪಟ್ಟಿರಲಿಲ್ಲ.

ಜಿನೀವಾ ಬಯಲಿನತ್ತ ಕಣ್ಣು ಹಾಯಿಸಿದಳು. ತುಟಿ ಅಲುಗಿತು. ಎಣಿಸುತ್ತಿದ್ದಳು.

“ಹನ್ನೊಂದು,” ಎಂದಳು. “ಹಾರ್ಲನ್ ಇಲ್ಲ.”

“ನಾಳೆ ಅವನ ಮನೆಗೆ ಹೋಗ್ತೀನಿ.”

“ನಾಳೆ ಯಾಕೆ?”

ಅವಳು ಕಾರು ಹತ್ತಿದಳು. ಮನೆಯಲ್ಲಿ ಗಂಡನ ಊಟದ ಹೊತ್ತಾಗುತ್ತಿತ್ತು.

ಬಯಲಿನಿಂದ ಹೊರಬಿದ್ದ ಮೇಲೆ ಬಲಕ್ಕೆ ಹೋದರೆ ಆರ್ವಿಲ್‌ನ ಮನೆ, ಎಡಕ್ಕೆ ಹಾರ್ಲನ್‌ನದು. ಅವನು ಎಡಕ್ಕೆ ತಿರುಗಿಸಿದ. ಬಾಗಿಲು ತಟ್ಟಿದಾಗ ಹಾರ್ಲನ್ ಕದ ತೆರೆದು, ಯಾರೆಂದು ನೋಡಿ, ನೆಲದ ಕಡೆ ಮುಖ ಮಾಡಿದ. ಆರ್ವಿಲ್ ಹೊಸ್ತಿಲಾಚೆ ನಿಂತು ಬಯಲಿನಲ್ಲಿ ಹೇಳಿದ್ದನ್ನೆಲ್ಲ ಮೊದಲಿಂದ ಕೊನೆಯವರೆಗೆ, ಒಂದು ಮಾತೂ ಬಿಡದೆ, ಇನ್ನೊಮ್ಮೆ ಹೇಳಿದ.

“ನೀನೊಬ್ಬನೇ ಅಲ್ಲ,” ಎಂದ ಹಾರ್ಲನ್. ಗೂಟದಿಂದ ತನ್ನ ಕೋಟು ತೆಗೆದುಕೊಂಡ. “ಅವಳ ಮನೆಗೆ ನಾನೂ ಹೋಗ್ಬೇಕು. ಕಾರಲ್ಲಿ ಕರ್ಕೊಂಡು ಹೋಗ್ತೀಯಾ?”